ಕಂಚು ಮೇಷ್ಟ್ರ ಸುದ್ದಿ ಓದಿದವಳು

ನನ್ನ ಅಕ್ಕನ ಗಂಟಲು ಅಪ್ಪನಿಂದ ಬಂದದ್ದು. ಅಪ್ಪ ಬಸ್ ಕಂಡಕ್ಟರ್. ತುಂಬಿ ತುಳುಕುವ ಬಸ್ಸಿನ ಹಿಂದಿನ ಬಾಗಿಲಲ್ಲಿ ನಿಂತು ಮುಂದಿನ ಬಾಗಿಲಿಗೆ ಕೇಳುವಂತೆ ಸ್ಟಾಪುಗಳ ಹೆಸರು ಕೂಗಿ ಕೂಗಿ ಅಭ್ಯಾಸವಾದವರು. ಮನೆಯಲ್ಲಿ ಊಟಕ್ಕೆ ಕೂತು ಉಪ್ಪು ಕೇಳುವುದೂ ಅದೇ ದನಿಯಲ್ಲಿ. "ನಾನಿಲ್ಲೇ ಇದ್ದೀನಿ, ಹಿಂದಿನ ಸ್ಟಾಪಲ್ಲಿ ಇಳಿದು ಹೋಗಿಲ್ಲ" ಎಂದು ಅಮ್ಮ ರೇಗುತ್ತಿದ್ದಳು. ಇಂಥ ಗಂಟಲು ಹೆಣ್ಣುಮಗಳಿಗೆ ಬಂತಲ್ಲ ಎಂದು ನೆಂಟರಿಗೆಲ್ಲ ಚಿಂತೆ. ಅಕ್ಕನಿಗೆ ಮಾತ್ರ ಯಾವ ಚಿಂತೆಯೂ ಇರಲಿಲ್ಲ. ಸ್ಕೂಲಿನಲ್ಲಿರುವಾಗಲೇ ತೀರ್ಮಾನಿಸಿಬಿಟ್ಟಿದ್ದಳು, ರೇಡಿಯೋದಲ್ಲಿ ಸುದ್ದಿ ಓದುತ್ತೇನೆ ಎಂದು. ಓದುವುದಷ್ಟೇ ಅಲ್ಲ, ಹೋಗಿ ತರುವುದೂ ತಾನೇ.

ನಾನು ಅವಳಿಗಿಂತ ಚಿಕ್ಕವಳು, ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಲ್ಲುವವಳು. ರೇಡಿಯೋ ಕಂಡರೆ ನನಗಾಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಅದು ಅಕ್ಕನಿಗೆ ಕೊಟ್ಟದ್ದಕ್ಕಿಂತ ಕಿತ್ತುಕೊಂಡದ್ದೇ ಹೆಚ್ಚು. ಈ ಮಾತನ್ನು ಅಕ್ಕ ಇವತ್ತಿಗೂ ಒಪ್ಪುವುದಿಲ್ಲ.

ಡಿಗ್ರಿ ಮುಗಿಸಿದವಳು ರೇಡಿಯೋ ಪತ್ರಿಕೋದ್ಯಮದ ಡಿಪ್ಲೊಮಾಕ್ಕೆ ಅರ್ಜಿ ಹಾಕಿದಳು. ಸೇರಬೇಕಾದರೆ ಧ್ವನಿ ಪರೀಕ್ಷೆ. ಪರೀಕ್ಷೆ ತೆಗೆದುಕೊಂಡವರು ಕಂಚು ಮೇಷ್ಟ್ರು. ನಮ್ಮ ಊರಿನ ರೇಡಿಯೋದಲ್ಲಿ ಒಂದು ತಲೆಮಾರು ಪೂರ್ತಿ ಸಂಜೆಯ ವಾರ್ತೆ ಓದಿದವರು ಅವರು. ಕಂಚಿನ ಕಂಠ ಎಂದು ಯಾರೋ ಹೊಗಳಿದ್ದು ಹಾಗೇ ಹೆಸರಾಗಿ ನಿಂತುಬಿಟ್ಟಿತ್ತು. ನಿವೃತ್ತಿಯಾದ ಮೇಲೆ ಡಿಪ್ಲೊಮಾದ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಬಂದವರಿಗೆಲ್ಲ ಒಂದೇ ಸುದ್ದಿಯ ಹಾಳೆ ಕೊಟ್ಟು ಓದಿಸಿದರಂತೆ. ಎಲ್ಲರೂ ನೀರು ಕುಡಿದ ಹಾಗೆ ಓದಿ ಮುಗಿಸಿದರು. ಅಕ್ಕ ಅರ್ಧಕ್ಕೆ ನಿಲ್ಲಿಸಿದಳು.

"ಯಾಕಮ್ಮ, ಉಸಿರು ಸಾಲಲಿಲ್ವಾ?"

"ಉಸಿರು ಇದೆ ಸರ್. ಮೇಲೆ ಏಳು ಜನ ಸತ್ತರು ಅಂತಿದೆ, ಕೆಳಗೆ ಒಂಬತ್ತು ಅಂತಿದೆ. ಆ ಇಬ್ಬರನ್ನ ಏನು ಮಾಡಲಿ?"

ಮೇಷ್ಟ್ರು ನಗಲಿಲ್ಲ. ಅವಳ ಹೆಸರಿನ ಮುಂದೆ ಗುರುತು ಹಾಕಿಕೊಂಡು ಮುಂದಿನವರನ್ನು ಕರೆಯಿರಿ ಎಂದರು. ದನಿ ಒರಟು, ಆದರೆ ಕಿವಿ ಇದೆ ಎಂದು ಆಮೇಲೆ ಯಾರ ಹತ್ತಿರವೋ ಹೇಳಿದರಂತೆ. ಆ ಮಾತನ್ನು ಅಕ್ಕ ಮನೆಗೆ ತಂದು ವಾರಗಟ್ಟಲೆ ಮೆಲುಕು ಹಾಕಿದಳು.

ಅವಳು ಓದಿದ ಆ ವರ್ಷ ನಮ್ಮ ಮನೆಯವರ ಪಾಡು ಯಾರಿಗೂ ಬೇಡ. ನಮ್ಮಿಬ್ಬರಿಗೂ ಇದ್ದದ್ದು ಒಂದೇ ಕೋಣೆ. ಬೆಳಿಗ್ಗೆ ಎದ್ದರೆ ಪೆನ್ಸಿಲನ್ನು ಹಲ್ಲಲ್ಲಿ ಕಚ್ಚಿಕೊಂಡು ಗೋಡೆಗೆ ಪೇಪರ್ ಓದಿ ಹೇಳುತ್ತಿದ್ದಳು. ಲಕಾರ ಳಕಾರಗಳ ಕಾಟ ಮುಗಿಯಿತು ಎನ್ನುವಾಗ ಅಕಾರ ಹಕಾರ ಶುರು. ಅಪ್ಪ ಅಕ್ಕಿಯನ್ನು ಹಕ್ಕಿ ಎನ್ನುವವರು. ಅವರನ್ನು ತಿದ್ದಲು ಹೋಗಿ, "ಈ ಹಕ್ಕಿ ತಿಂದೇ ನೀನು ಇಷ್ಟುದ್ದ ಬೆಳೆದಿದ್ದು" ಎಂದು ಬೈಸಿಕೊಂಡಳು. ಒಂದು ಉಸಿರಿಗೆ ಒಂದೇ ವಾಕ್ಯ, ಒಂದು ವಾಕ್ಯಕ್ಕೆ ಒಂದೇ ವಿಷಯ ಎಂದು ಮೇಷ್ಟ್ರು ಕಲಿಸಿದ್ದರು. ಅದನ್ನು ಅವಳು ಮನೆಮಂದಿಯ ಮೇಲೆ ಪ್ರಯೋಗ ಮಾಡಿ, ಅಮ್ಮ ಉದ್ದಕ್ಕೆ ಹೇಳುತ್ತಿದ್ದ ನೆರೆಮನೆಯ ಕಥೆಗಳನ್ನು ನಡುವೆ ತುಂಡರಿಸುತ್ತಿದ್ದಳು.

ಮೇಷ್ಟ್ರು ಕಲಿಸಿದ್ದರಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಕಟ್ಟಳೆ ಒಂದಿತ್ತು. ಸಾವಿನ ಸುದ್ದಿ ಓದಬೇಕಾದರೆ ಎರಡು ಬಾಯಿಂದ ಕೇಳಿರಬೇಕು, ಅದರಲ್ಲಿ ಒಂದು ಸತ್ತವರ ಮನೆಯವರದೇ ಆಗಿರಬೇಕು. "ಮಳೆ ಬರುತ್ತೆ ಅಂದು ಬರದೇ ಹೋದ್ರೆ ಜನ ಬೈದು ಸುಮ್ಮನಾಗ್ತಾರೆ. ಇದು ಹಾಗಲ್ಲ. ಒಮ್ಮೆ ಬಾಯಿಂದ ಹೊರಟ್ರೆ ವಾಪಸ್ ತಗೊಳ್ಳೋಕೆ ಆಗಲ್ಲ" ಎನ್ನುತ್ತಿದ್ದರಂತೆ.

ಡಿಪ್ಲೊಮಾ ಮುಗಿದು ಅಕ್ಕನಿಗೆ ಅದೇ ರೇಡಿಯೋದಲ್ಲಿ ಕೆಲಸ ಸಿಕ್ಕಿತು. ಮೊದಮೊದಲು ಕರೆದ ದಿನ ಹೋಗುವುದು, ಆಮೇಲೆ ಕಾಯಂ. ಹೆಗಲಿಗೆ ರೆಕಾರ್ಡರ್ ಹಾಕಿಕೊಂಡು ಮಾರುಕಟ್ಟೆ, ಕೋರ್ಟು, ಆಸ್ಪತ್ರೆ, ನೀರಿನ ಟ್ಯಾಂಕಿನ ಮುಂದಿನ ಜಗಳ ಎಲ್ಲ ಸುತ್ತಿದಳು. ಬಿಸಿಲಲ್ಲಿ ಅಲೆದು ಮುಖ ಕಪ್ಪಿಟ್ಟಿತು. ಗಂಡಿನ ಕಡೆಯವರು ಬಂದು ನೋಡಿ, ಹುಡುಗಿ ಸಂಜೆ ಮನೆಯಲ್ಲಿರುವುದಿಲ್ಲವಂತೆ ಎಂದು ಕೇಳಿ ಎದ್ದು ಹೋದರು. ಎರಡು ಮೂರು ಸಲ ಹೀಗಾದ ಮೇಲೆ ಅಪ್ಪ ಆ ಮಾತು ಎತ್ತುವುದನ್ನೇ ಬಿಟ್ಟರು. ನನ್ನ ಮದುವೆ ಅವಳಿಗಿಂತ ಮೊದಲು ಆಯಿತು. ಅವಳದು ಆಗಲೇ ಇಲ್ಲ. ಕಿತ್ತುಕೊಂಡದ್ದು ಎಂದೆನಲ್ಲ, ಅದರಲ್ಲಿ ಇದೂ ಒಂದು.

ದಿನವೂ ವಾರ್ತೆ ಮುಗಿದ ಕೂಡಲೇ ಕಚೇರಿಗೆ ಮೇಷ್ಟ್ರ ಫೋನು. ಹೊಗಳುವುದಕ್ಕಲ್ಲ. ಎರಡನೇ ಸುದ್ದಿಯಲ್ಲಿ ಅವಸರ ಮಾಡಿದೆ, ಸಚಿವರ ಹೆಸರಿನ ಹತ್ತಿರ ಎಡವಿದೆ, ಕೆಮ್ಮು ಬಂದರೆ ಮೈಕ್ ಮುಚ್ಚಬೇಕು, ಜನ ನಿನ್ನ ಶೀತದ ಸುದ್ದಿ ಕೇಳಲು ಕೂತಿಲ್ಲ. ಅಕ್ಕ ಹೂಂ ಸರ್, ಹೂಂ ಸರ್ ಎನ್ನುತ್ತಿದ್ದಳು. ಒಂದು ದಿನ ಫೋನ್ ಬರದಿದ್ದರೆ ಮಾತ್ರ ಮನೆಗೆ ಬಂದು ಅನ್ನ ಸೇರುತ್ತಿರಲಿಲ್ಲ.

ಕಚೇರಿಯಲ್ಲಿ ಯಾರೂ ಮುಟ್ಟದ ಒಂದು ಕೆಲಸವಿತ್ತು. ಊರಿನ ಹಿರಿಯರು ಬದುಕಿರುವಾಗಲೇ ಅವರ ಬಗ್ಗೆ ಕಾರ್ಯಕ್ರಮ ಮಾಡಿ ಟೇಪಿನಲ್ಲಿ ಇಟ್ಟಿರುವುದು. ತೀರಿಕೊಂಡ ದಿನ ಪರದಾಡಬಾರದಲ್ಲ. ಕಚೇರಿಯವರು ಅದಕ್ಕೆ ಮುಂಗಡ ಎನ್ನುತ್ತಿದ್ದರು. ಅದು ಅಕ್ಕನ ಪಾಲಿಗೆ ಬಂತು. ಮುದುಕರಿಗೆ ಗೊತ್ತಾಗದೇ ಇರುತ್ತದೆಯೇ? ಒಬ್ಬ ಹಳೇ ಕುಸ್ತಿಪಟು ಎಲ್ಲ ಹೇಳಿ ಮುಗಿಸಿ, "ಇದನ್ನ ಯಾವಾಗ ಹಾಕ್ತೀಯಮ್ಮ?" ಎಂದು ಕೇಳಿದನಂತೆ. ಅಕ್ಕ ತಡವರಿಸಿದಳು. "ಅವಸರ ಏನಿಲ್ಲ ಬಿಡು, ನಿಧಾನಕ್ಕೆ ಹಾಕು" ಎಂದು ಅವನೇ ಸಮಾಧಾನ ಮಾಡಿ ಕಳಿಸಿದ.

ಮೇಷ್ಟ್ರಿಗೆ ಎದೆನೋವು ಮೊದಲ ಸಲ ಬಂದು ಹೋದ ಮೇಲೆ ಅವರೇ ಅಕ್ಕನನ್ನು ಮನೆಗೆ ಕರೆಸಿದರು. ನಾನೂ ಜೊತೆಗಿದ್ದೆ. ಮಹಡಿಯ ಮೇಲಿನ ಚಿಕ್ಕ ಮನೆ, ಎರಡು ಬೆತ್ತದ ಕುರ್ಚಿ, ಕಿಟಕಿಯಲ್ಲಿ ರೇಡಿಯೋ. ಮೇಷ್ಟ್ರ ಹೆಂಡತಿ ಕಾಫಿ ಕೊಟ್ಟು ಒಳಗೆ ಹೋದ ಮೇಲೆ ಅವರು ಮಾತು ತೆಗೆದರು.

"ಈ ಊರಲ್ಲಿ ಯಾರು ಸತ್ರೂ ನಾನೇ ಹೇಳಿದ್ದು. ಗಣಿ ಕುಸಿದಾಗ ಅಷ್ಟೂ ಜನರ ಹೆಸರು ನಿಂತು ಓದಿದ್ದೀನಿ. ರಿಟೈರಾದ ಮಾರನೇ ದಿನವೇ ಜನ ಬೇರೆ ದನಿಗೆ ಒಗ್ಗಿಕೊಂಡ್ರು. ತಪ್ಪೇನಿಲ್ಲ, ಕೆಲಸವೇ ಅಂಥದ್ದು. ಒಂದು ಮಾತ್ರ ಕೇಳ್ತೀನಿ. ನನ್ನ ಸುದ್ದಿ ನೀನು ಓದಬೇಕು. ಊರು ಒಂದ್ಸಲ ಕೈಲಿರೋ ಕೆಲಸ ಬಿಟ್ಟು ಕೇಳಲಿ."

ಅಕ್ಕ ಆಗಲಿ ಎಂದಳು. ಇಷ್ಟು ವರ್ಷದಲ್ಲಿ ಅವರು ಅವಳನ್ನು ಏನಾದರೂ ಕೇಳಿದ್ದರೆ ಇದೊಂದೇ. ಮುಂದೆ ಅವಳಿಗೆ ಊಟ ನಿದ್ದೆಗಿಂತ ಇದೇ ದೊಡ್ಡದಾಯಿತು. ಹಳೆಯ ಟೇಪುಗಳಿಂದ ಅವರ ದನಿ ಹುಡುಕಿ ತೆಗೆದು, ನಡುವೆ ತಾನು ಬರೆದದ್ದನ್ನು ಓದಿ ಸೇರಿಸಿ, ಒಡೆದು ಮತ್ತೆ ಕಟ್ಟಿ, ಮುಂಗಡ ಸಿದ್ಧ ಮಾಡಿದಳು. ಎದುರಿಗೆ ನಿಂತು ಹೇಳಲಾಗದ್ದನ್ನೆಲ್ಲ ಅದರಲ್ಲಿ ಹೇಳಿಕೊಂಡಿದ್ದಳು. ಕೊನೆಯ ವಾಕ್ಯಕ್ಕೆ ಗಂಟಲು ಕಟ್ಟಿತ್ತು. ತೆಗೆಯಬೇಕು ತೆಗೆಯಬೇಕು ಎಂದುಕೊಂಡು ಹಾಗೇ ಬಿಟ್ಟಿದ್ದಳು.

ಮೇಷ್ಟ್ರಿಗೆ ಎರಡನೇ ಸಲ ನೋವು ಬಂದಾಗ ಆಸ್ಪತ್ರೆಗೆ ಸೇರಿಸಿದರು. ಒಂದು ಮಧ್ಯಾಹ್ನ ರೇಡಿಯೋದ ನಿವೃತ್ತ ಪಿಟೀಲು ವಾದಕರೊಬ್ಬರು ನೋಡಲು ಹೋದರು. ಮಂಚ ಖಾಲಿ, ಹಾಸಿಗೆ ಮಡಚಿಟ್ಟಿದೆ. ಮೇಷ್ಟ್ರನ್ನು ಸ್ಕ್ಯಾನಿಗೆಂದು ಕೆಳಗಿನ ಮಹಡಿಗೆ ಒಯ್ದಿದ್ದರು. ಬಂದ ಮೇಲೆ ಕಿಟಕಿ ಪಕ್ಕದ ಮಂಚ ಕೊಡುವುದೆಂದು ಇದನ್ನು ತೆರವು ಮಾಡಿದ್ದರು. ಆ ಪುಣ್ಯಾತ್ಮ ಒಬ್ಬರನ್ನಾದರೂ ಕೇಳಬಾರದೇ? ಕಣ್ಣೊರೆಸಿಕೊಂಡು ಕೆಳಗಿಳಿದು ನೇರ ಕಚೇರಿಗೆ ಫೋನ್ ಮಾಡಿದರು. ಸುದ್ದಿ ವಿಭಾಗದ ಸಹಾಯಕ ಅದನ್ನು ಕೇಳಿಕೊಂಡು ಮೇಷ್ಟ್ರ ಮನೆಗೆ ಫೋನ್ ಹಚ್ಚಿ, ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಿದೆ, ನಿಜವೇ ಎಂದ. ಅವರ ಮಗಳು ಅಪ್ಪನ ಜೊತೆ ಆಸ್ಪತ್ರೆಯಲ್ಲಿದ್ದಳು, ಮನೆಯಲ್ಲಿ ಇದ್ದದ್ದು ಮೇಷ್ಟ್ರ ಹೆಂಡತಿ ಒಬ್ಬರೇ. ರೇಡಿಯೋದವರು ಹೇಳಿದ ಮೇಲೆ ಸುಳ್ಳಾಗಲು ಸಾಧ್ಯವೇ ಇಲ್ಲ ಎಂದು ಜೀವಮಾನವಿಡೀ ನಂಬಿದ ಹೆಂಗಸು. ಅವರ ಕೈಯಿಂದ ಫೋನ್ ಬಿತ್ತು. ಲೈನ್ ಕಟ್ಟಾಯಿತು, ಹಾಗಾಗಿ ಇದು ಲೆಕ್ಕಕ್ಕಿಲ್ಲ ಎಂದುಕೊಂಡ ಸಹಾಯಕ, ತಾನು ಫೋನ್ ಮಾಡಿದ್ದನ್ನೇ ಹೇಳದೆ ಅಕ್ಕನ ಹತ್ತಿರ ಬಂದ.

"ಮೇಷ್ಟ್ರದು ಆಸ್ಪತ್ರೆ ಕಡೆಯಿಂದ ಸುದ್ದಿ ಬಂದಿದೆ ಮೇಡಂ. ಮನೆಯವರನ್ನ ನೀವೇ ಕೇಳಿಬಿಡಿ."

ಅಕ್ಕ ಫೋನ್ ಮಾಡಿದಳು. ಪಕ್ಕದ ಮನೆಯಾಕೆ ಎತ್ತಿಕೊಂಡಳು. ಹಿಂದೆ ಮೇಷ್ಟ್ರ ಹೆಂಡತಿಯ ಅಳು ಕೇಳುತ್ತಿತ್ತು.

"ಹೌದಮ್ಮ, ಸುದ್ದಿ ಬಂತು. ಅಮ್ಮನಿಗೆ ಮಾತಾಡೋಕೆ ಆಗ್ತಿಲ್ಲ. ಮಗಳು ಅವರನ್ನ ಮನೆಗೆ ತರ್ತಾಳೆ ಅಂತ ಕಾಯ್ತಾ ಕೂತಿದ್ದೀವಿ."

ಸುದ್ದಿ ಎಲ್ಲಿಂದ ಬಂತು ಎಂಬುದು ಮುಂದಿನ ಪ್ರಶ್ನೆ. ಮಾರುಕಟ್ಟೆಯಲ್ಲಿ ಈರುಳ್ಳಿ ಮೂಟೆ ಬಿದ್ದರೂ ಅಕ್ಕ ಆ ಪ್ರಶ್ನೆ ಕೇಳದೆ ಬಿಡುವವಳಲ್ಲ. ಅವತ್ತು ಕೇಳಲಿಲ್ಲ, ಅಳುತ್ತಿದ್ದಳು. ಎರಡು ಬಾಯಿ ಆಯಿತು, ಒಂದು ಮನೆಯದೇ ಆಯಿತು ಎಂದು ಮುಖ ತೊಳೆದುಕೊಂಡು ಸ್ಟುಡಿಯೋಗೆ ಹೋದಳು. ತನ್ನ ಕಚೇರಿಯ ಮಾತೇ ಮನೆಗೆ ಹೋಗಿ ತನ್ನ ಬಳಿಗೇ ತಿರುಗಿ ಬಂದಿದೆ ಎಂದು ಅವಳಿಗೆ ತಿಳಿಯಲಿಲ್ಲ.

ನಾನು ಅಂಗಡಿಯಲ್ಲಿದ್ದೆ. ಅಂಗಡಿಯ ಯಜಮಾನರು ಸಂಜೆಯ ವಾರ್ತೆ ಹಾಕಿದರು. ಅಕ್ಕ ಸುದ್ದಿ ಓದಿದಳು, ಬೆನ್ನಿಗೇ ಮುಂಗಡ ಬಂತು. ಔಷಧಿ ಕೇಳುತ್ತಿದ್ದ ಗಿರಾಕಿ ಚೀಟಿ ಹಿಡಿದು ಹಾಗೇ ನಿಂತ. ಯಜಮಾನರು ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟರು. ಎದುರಿನ ಸೈಕಲ್ ಅಂಗಡಿಯಲ್ಲಿ ಪಂಪ್ ಹೊಡೆಯುವುದು ನಿಂತಿತು. ಊರು ನಿಜವಾಗಿಯೂ ಕೈಲಿದ್ದ ಕೆಲಸ ಬಿಟ್ಟು ಕೇಳಿತು. ರೇಡಿಯೋ ಕಂಡರಾಗದ ನಾನೂ ಅತ್ತೆ, ಹೇಳಲು ನಾಚಿಕೆಯೇನಿಲ್ಲ.

ಆಸ್ಪತ್ರೆಯಲ್ಲಿ, ಕಿಟಕಿ ಪಕ್ಕದ ಹೊಸ ಮಂಚದ ಮೇಲೆ ಮೇಷ್ಟ್ರೂ ಕೇಳುತ್ತಿದ್ದರು. ದಿನದ ತಪ್ಪು ಹಿಡಿಯಬೇಕಲ್ಲ, ಅದಕ್ಕೆಂದೇ ಪುಟ್ಟ ರೇಡಿಯೋ ದಿಂಬಿನ ಕೆಳಗೆ ಇಟ್ಟುಕೊಂಡಿದ್ದರು. ಕಾರ್ಯಕ್ರಮವನ್ನು ಕೊನೆಯವರೆಗೂ ಕೇಳಿ, ಆಮೇಲೆ ನರ್ಸನ್ನು ಕರೆದು, "ನನಗೊಂದು ಫೋನ್ ಬೇಕಲ್ಲಮ್ಮ, ನಾನು ಸತ್ತು ಹೋಗಿದ್ದೀನಂತೆ" ಎಂದರು. ಕಚೇರಿಯ ಫೋನ್ ಎತ್ತಿದ್ದು ಅಕ್ಕನೇ.

"ಸುದ್ದಿ ವಿಭಾಗವೇ? ಒಂದು ತಿದ್ದುಪಡಿ ಇದೆ."

ಅಕ್ಕ ರಿಸೀವರನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಆಸ್ಪತ್ರೆಗೆ ಓಡಿದಳು. ತಿದ್ದುಪಡಿ ಊರಿಗೆಲ್ಲ ಮುಟ್ಟುವ ಹೊತ್ತಿಗೆ ಮೇಷ್ಟ್ರ ಮನೆಯ ಮೆಟ್ಟಿಲ ತುಂಬ ಹೂವು ಹಿಡಿದ ಜನ. ಹಳೆಯ ಶಿಷ್ಯರು ಎಲ್ಲೆಲ್ಲಿಂದಲೋ ಹೊರಟು ಬಂದಿದ್ದರು. ರಸ್ತೆಯಲ್ಲಿ ನಿಲ್ಲಲು ಜಾಗವಿರಲಿಲ್ಲ.

ಆಸ್ಪತ್ರೆಯಲ್ಲಿ ಮೇಷ್ಟ್ರು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾಠ ಒಪ್ಪಿಸಿಕೊಳ್ಳುವವರ ಹಾಗೆ ಕೇಳಿದರು.

"ಮನೆಯಲ್ಲಿ ಕೇಳಿದ್ಯಾ?"

"ಕೇಳಿದೆ ಸರ್."

"ಅವರಿಗೆ ಯಾರು ಹೇಳಿದ್ರು ಅಂತ ಕೇಳಿದ್ಯಾ?"

ಅಕ್ಕ ತಲೆ ತಗ್ಗಿಸಿದಳು. ಮೇಷ್ಟ್ರು, "ಓದಿದ್ದು ಚೆನ್ನಾಗಿತ್ತು. ಕೊನೆಯಲ್ಲಿ ಅಳು ಬಂದಿತ್ತು, ಅದನ್ನ ತೆಗೀಬೇಕಿತ್ತು" ಎಂದರು. ಚೆನ್ನಾಗಿತ್ತು ಎಂದು ಅವರು ಅವಳಿಗೆ ಹೇಳಿದ್ದು ಅದೇ ಮೊದಲು. ಆ ಮಾತನ್ನು ಯಾವ ಹೊತ್ತಿನಲ್ಲಿ ಪಡೆದಳು ನೋಡಿ.

ಮೇಷ್ಟ್ರು ಕ್ಷಮಿಸಿದರು, ಅವರ ಹೆಂಡತಿ ಕ್ಷಮಿಸಲಿಲ್ಲ. ನಿಜ ತಿಳಿದು ಆಸ್ಪತ್ರೆಗೆ ಬಂದವರು, ಹೊರಡುತ್ತಿದ್ದ ಅಕ್ಕನನ್ನು ವಾರ್ಡಿನ ಬಾಗಿಲಲ್ಲೇ ತಡೆದು ನಿಲ್ಲಿಸಿ, ದನಿ ಏರಿಸದೆ ಹೇಳಿದರು. "ಇವತ್ತು ಒಂದು ಮಧ್ಯಾಹ್ನ ಪೂರ್ತಿ ಅವರಿಲ್ಲದೆ ಬದುಕಿದ್ದೀನಿ. ಅದು ಹೇಗಿರುತ್ತೆ ಅಂತ ನೋಡಿಬಿಟ್ಟೆ. ಇನ್ನೊಂದ್ಸಲ ನಿನ್ನ ಬಾಯಲ್ಲಿ ಅವರ ಹೆಸರು ಬರಬಾರದು. ನಮ್ಮ ಮನೆ ಮೆಟ್ಟಿಲು ಹತ್ತಬೇಡ."

ರೇಡಿಯೋ ತಪ್ಪೊಪ್ಪಿಕೊಂಡಿತು. ಊರು ಒಂದಷ್ಟು ದಿನ ನಕ್ಕಿತು. ಪಿಟೀಲಿನವರಿಗೆ ಏನೂ ಆಗಲಿಲ್ಲ, ಸಹಾಯಕನಿಗೆ ಮುಂದೆ ಬಡ್ತಿಯೂ ಸಿಕ್ಕಿತು. ಅಕ್ಕನನ್ನು ವಾರ್ತೆಯಿಂದ ತೆಗೆದು ಮಾರುಕಟ್ಟೆ ಧಾರಣೆ ಓದಲು ಹಾಕಿದರು. ಈರುಳ್ಳಿ, ಟೊಮೇಟೊ, ಎಣ್ಣೆ. ಬಿಟ್ಟು ಬಾ, ಬೇರೆ ಕೆಲಸ ನೋಡೋಣ ಎಂದು ನಾನು ಹೇಳಿದೆ, ಅಪ್ಪನೂ ಹೇಳಿದರು. ಅವಳು ಕೇಳಲಿಲ್ಲ, ಏಕೆಂದರೆ ಸಂಜೆ ಧಾರಣೆ ಮುಗಿದ ಕೂಡಲೇ ಮೇಷ್ಟ್ರ ಫೋನ್ ತಪ್ಪದೆ ಬರುತ್ತಿತ್ತು. "ಟೊಮೇಟೊ ಹತ್ತಿರ ಅವಸರ ಮಾಡಬೇಡ, ಕೇಳೋನು ಅದನ್ನೇ ನಂಬಿಕೊಂಡಿದ್ದಾನೆ" ಎನ್ನುತ್ತಿದ್ದರು. ಒಂದು ದಿನ, "ಮುಂದಿನ ಸಲವೂ ನೀನೇ ಓದಬೇಕು. ಇವಳಿಗೆ ನಾನು ಹೇಳ್ತೀನಿ" ಎಂದರು. ಹೆಂಡತಿಗೆ ಹೇಳಿದರೋ ಇಲ್ಲವೋ ಗೊತ್ತಿಲ್ಲ. ಅಕ್ಕ ಮಾತ್ರ ಅದೊಂದಕ್ಕಾಗಿ ಆ ಕಚೇರಿಯಲ್ಲಿ ಹಲ್ಲು ಕಚ್ಚಿಕೊಂಡು ಉಳಿದಳು. ಈ ಸಲ ಸರಿಯಾಗಿ ಹೇಳಬೇಕು, ಅಷ್ಟೇ ಅವಳಿಗೆ ಬೇಕಿದ್ದದ್ದು.

ಚಳಿ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಮೇಷ್ಟ್ರ ಮಗಳು ಫೋನ್ ಮಾಡಿದಳು. "ಅಪ್ಪ ಹೋದ್ರು ಅಕ್ಕಾ. ನಾನು ಪಕ್ಕದಲ್ಲೇ ಇದ್ದೆ. ಅಮ್ಮ ಏನಾದ್ರೂ ಅನ್ನಲಿ, ನೀವು ಬನ್ನಿ." ನಾವಿಬ್ಬರೂ ಹೋದೆವು. ಅಕ್ಕ ಮೆಟ್ಟಿಲು ಹತ್ತಿ ಒಳಗೆ ಹೋಗಿ ಅವರನ್ನು ನೋಡಿದಳು. ಮೇಷ್ಟ್ರ ಹೆಂಡತಿ ಗೋಡೆಗೆ ಒರಗಿ ಕೂತಿದ್ದವರು ಇವಳ ಕಡೆ ತಿರುಗಿಯೂ ನೋಡಲಿಲ್ಲ. ಅಲ್ಲಿಂದ ಅಕ್ಕ ಸೀದಾ ಕಚೇರಿಗೆ ಹೋಗಿ ನಿಲಯದ ಮುಖ್ಯಸ್ಥರ ಮುಂದೆ ನಿಂತಳು.

"ನಾನೇ ಓದ್ತೀನಿ ಸರ್. ಮುಂಗಡ ಬೇಡ, ಒಂದೇ ಒಂದು ವಾಕ್ಯ ಸಾಕು."

"ನೀನು ಓದಿದ್ರೆ ಜನ ಬಿದ್ದು ಬಿದ್ದು ನಗ್ತಾರೆ. ಆ ಟೇಪಂತೂ ಮತ್ತೆ ಹಾಕೋ ಹಾಗಿಲ್ಲ. ಡಾಕ್ಟರ್ ಹೇಳಲಿ, ಆಮೇಲೆ ಯಾರಾದ್ರೂ ಓದ್ತಾರೆ. ನಿನಗೆ ಧಾರಣೆ ಇದೆಯಲ್ಲ, ಹೋಗು."

ಮಧ್ಯಾಹ್ನದ ವಾರ್ತೆಯ ಕೊನೆಗೆ, ಹವಾಮಾನಕ್ಕಿಂತ ಸ್ವಲ್ಪ ಮೊದಲು, ಹೊಸಬನೊಬ್ಬ ಒಂದು ಸಾಲು ಓದಿದ. ತನಗೇ ನಂಬಿಕೆಯಿಲ್ಲದವನ ಹಾಗೆ ಓದಿದ. ಅಕ್ಕ ರಜೆ ಬರೆದುಕೊಟ್ಟು ಮೇಷ್ಟ್ರ ಮನೆಗೆ ವಾಪಸ್ ಬಂದಳು.

ಮೆಟ್ಟಿಲು ಖಾಲಿಯಿತ್ತು. ನೆರೆಯವರು ನಾಲ್ಕು ಜನ, ಮಗಳು, ಅಳಿಯ, ಅವನ ಅಣ್ಣ. ಹೋದ ಸಲ ಕೆಲಸ ಬಿಟ್ಟು, ಹೂವು ತಂದು ನಿಂತಿದ್ದವರು ಈ ಸಲ ಮನೆಯಲ್ಲೇ ಕೂತು ತಿದ್ದುಪಡಿಗೆ ಕಾಯುತ್ತಿದ್ದರು. ಬಂದದ್ದು ಬರೀ ಫೋನುಗಳು. ಸುದ್ದಿ ನಿಜವೇ, ಈ ಸಲವಾದರೂ ನಿಜವೇ, ಫೋನನ್ನು ಮೇಷ್ಟ್ರಿಗೇ ಸ್ವಲ್ಪ ಕೊಡುತ್ತೀರಾ ಎಂದು ಕೇಳುವವರು. ಒಬ್ಬ ನಗುತ್ತಲೇ ಕೇಳಿದನಂತೆ. ಪ್ರತಿ ಸಲವೂ ಮೇಷ್ಟ್ರ ಹೆಂಡತಿಯೇ ಎದ್ದು ಹೋಗಿ, "ಇಲ್ಲ, ಇದು ನಿಜ" ಎಂದು ಹೇಳಿ ಬಂದು ಕೂರುತ್ತಿದ್ದರು. ಮಗಳು ಬೇಡವೆಂದರೂ ಬಿಡಲಿಲ್ಲ.

ಮತ್ತೆ ಫೋನ್ ರಿಂಗಾದಾಗ ಅವರಿಗೆ ಏಳಲಾಗಲಿಲ್ಲ, ಕೈ ಊರಿ ಹಾಗೇ ಕುಸಿದರು. ಅಕ್ಕ ಹೋಗಿ ಎತ್ತಿಕೊಂಡಳು.

"ಹೌದು, ಬೆಳಿಗ್ಗೆ ತೀರಿಕೊಂಡರು. ನಾನೇ ನೋಡಿದ್ದೀನಿ. ಸಂಜೆಗೆ ಅಂತ್ಯಕ್ರಿಯೆ. ಬನ್ನಿ."

ಆಮೇಲೆ ಫೋನ್ ಬಂದಂತೆಲ್ಲ ಅವಳೇ ಎತ್ತಿದಳು. ಪಕ್ಕದಲ್ಲಿ ಕುರ್ಚಿಯಿತ್ತು, ಕೂರಲಿಲ್ಲ. ಬೆನ್ನು ನೇರ ಮಾಡಿಕೊಂಡು ನಿಂತು, ಉಸಿರು ಎಳೆದುಕೊಂಡು, ಒಂದೊಂದು ಮಾತನ್ನೂ ಬಿಡಿಸಿ, ಅವಸರವಿಲ್ಲದೆ, ಅಳದೆ ಹೇಳಿದಳು. ಊರಿಗೆ ಒಮ್ಮೆಲೇ ಹೇಳಬೇಕಾಗಿದ್ದನ್ನು ಒಬ್ಬೊಬ್ಬರಿಗೇ ಹೇಳಿದಳು. ಕೆಲವರು ನಂಬಿದರು. ಕೆಲವರು ಸರಿ ನೋಡೋಣ ಎಂದು ಇಟ್ಟರು. ಮೇಷ್ಟ್ರ ಹೆಂಡತಿ ಗೋಡೆಗೆ ಒರಗಿಕೊಂಡೇ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಅವಳ ಬಾಯಲ್ಲಿ ಮೇಷ್ಟ್ರ ಹೆಸರು ಎಷ್ಟು ಸಲ ಬಂತೋ, ಒಮ್ಮೆಯೂ ತಡೆಯಲಿಲ್ಲ.

ಒಬ್ಬರು ಮಾತ್ರ ಪಟ್ಟು ಬಿಡದೆ, ಮಾತಾಡುತ್ತಿರುವುದು ಯಾರು ಎಂದು ಕೇಳಿದರು. ಮೇಷ್ಟ್ರ ಹಳೆಯ ಶಿಷ್ಯರಂತೆ. ಅಕ್ಕ ಹೆಸರು ಹೇಳಿದಳು. ಕೋಣೆಯಲ್ಲಿ ಸದ್ದಿರಲಿಲ್ಲ, ಆ ಕಡೆಯ ಮಾತು ನನಗೂ ಕೇಳಿಸಿತು.

"ಹೋದ ಸಲವೂ ನೀವೇ ಅಲ್ವಾ ಹೇಳಿದ್ದು?"

ಲೈನ್ ಕಟ್ಟಾಯಿತು. ಅಕ್ಕ ರಿಸೀವರ್ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. ನನಗೆ ಅದನ್ನು ಕಿತ್ತು ಬಿಸಾಡುವಷ್ಟು ಸಿಟ್ಟು ಬಂತು, ಯಾರ ಮೇಲೆ ಎಂದು ಕೇಳಿದರೆ ಈಗಲೂ ಹೇಳಲಾರೆ. ಅವಳು ಅದನ್ನು ಇಟ್ಟ ಕೂಡಲೇ ಮತ್ತೆ ರಿಂಗಾಯಿತು. ಅದೇ ಮನುಷ್ಯ. ಮನೆಯವರು ಯಾರಾದರೂ ಇದ್ದರೆ ಕೊಡಿ ಎಂದ.

ಮೇಷ್ಟ್ರ ಹೆಂಡತಿ ಮಗಳ ಭುಜ ಹಿಡಿದು ಎದ್ದರು. ನಿಧಾನವಾಗಿ ಬಂದು ಅಕ್ಕನ ಕೈಯಿಂದ ರಿಸೀವರ್ ತೆಗೆದುಕೊಂಡರು.

"ನಾನು ಅವರ ಹೆಂಡತಿ. ಈಗ ನಿಮಗೆ ಹೇಳಿದಳಲ್ಲ, ಅವಳು ಹೇಳಿದ್ದು ನಿಜ."

ಫೋನ್ ಇಟ್ಟ ಮೇಲೆ ಅವರು ಅಲ್ಲಿಂದ ಕದಲಲಿಲ್ಲ. ಅಕ್ಕನ ತೋಳು ಹಿಡಿದು ಪಕ್ಕದಲ್ಲೇ ನಿಂತರು. ಬೆಳಿಗ್ಗೆಯಿಂದ ತಡೆದುಕೊಂಡಿದ್ದ ಅಕ್ಕ ಆಗ ಅತ್ತಳು, ಅಪ್ಪನ ಆ ದೊಡ್ಡ ಗಂಟಲಲ್ಲಿ, ಬೀದಿಗೆಲ್ಲ ಕೇಳುವ ಹಾಗೆ. ಎದುರು ಮನೆಯವರು ಬಾಗಿಲು ತೆರೆದರು. ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ಇಳಿದು ನಿಂತ. ಏನಾಯಿತೆಂದು ಕೇಳುತ್ತ ಜನ ಒಬ್ಬೊಬ್ಬರೇ ಮೆಟ್ಟಿಲು ಹತ್ತಿ ಬರತೊಡಗಿದರು.